ಕಾಡಿನ ಅಂಚಿನ ಗೆರೆ: ಶಾಲಾ ಓರಿಯೆಂಟೀರಿಂಗ್ ಸುರಕ್ಷತೆಯ ಇತಿಹಾಸ

ನಕ್ಷೆ ಮತ್ತು ದಿಕ್ಸೂಚಿಗಳ ನೆರವಿನಿಂದ, ಪರಿಚಯವಿಲ್ಲದ ನೆಲದಲ್ಲಿ, ಮೊದಲೇ ಗೊತ್ತುಮಾಡಿದ ಗುರುತುಗಳನ್ನು ಒಂದಾದ ಮೇಲೊಂದರಂತೆ ಹುಡುಕಿ ಮುಟ್ಟಿ, ಆದಷ್ಟು ಕಡಿಮೆ ಸಮಯದಲ್ಲಿ ಹಿಂದಿರುಗುವ ಕ್ರೀಡೆಗೆ ಓರಿಯೆಂಟೀರಿಂಗ್ ಎಂದು ಹೆಸರು. ಈ ಗುರುತುಗಳನ್ನು ಆಟದ ಭಾಷೆಯಲ್ಲಿ ಕಂಟ್ರೋಲ್ ಎನ್ನುತ್ತಾರೆ. ಇಂದು ಅವು ಬಿಳಿ ಮತ್ತು ಕಿತ್ತಳೆ ಬಣ್ಣದ, ಮೂರು ಮುಖಗಳುಳ್ಳ ಬಟ್ಟೆಯ ಸಣ್ಣ ಲಾಂದ್ರಗಳಂತೆ ಮರದಡಿಯಲ್ಲೋ ಬಂಡೆಯ ಮಗ್ಗುಲಲ್ಲೋ ತೂಗಾಡುತ್ತಿರುತ್ತವೆ. ಶಾಲೆಗಳಲ್ಲಿ ಆಡಿಸುವ ಇತರ ಆಟಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಆಟ ಶುರುವಾದ ಕ್ಷಣವೇ ಮಗು ಶಿಕ್ಷಕರ ಕಣ್ಣಿನಿಂದ ಮರೆಯಾಗುತ್ತದೆ ಮತ್ತು ಹಾಗೆ ಮರೆಯಾಗಿ ತಾನೇ ದಾರಿಯನ್ನು ನಿರ್ಧರಿಸಿಕೊಳ್ಳುವುದೇ ಆಟದ ಉದ್ದೇಶವಾಗಿರುತ್ತದೆ. ಆದ್ದರಿಂದ ಮೈದಾನದ ಆಟದಲ್ಲಿ ಆಡುವಾಗಲೇ ಒದಗಿಸಬಹುದಾದ ರಕ್ಷಣೆಯನ್ನು ಇಲ್ಲಿ ಆಟಕ್ಕೆ ಮೊದಲೇ, ನಕ್ಷೆಯ ಮೇಲೆಯೇ, ಒದಗಿಸಿಡಬೇಕಾಗುತ್ತದೆ. ಈ ಪೂರ್ವಸಿದ್ಧತೆಯ ನಿಯಮಗಳು ಯಾವುದೋ ಒಂದು ಕಚೇರಿಯಲ್ಲಿ ಒಮ್ಮೆಗೇ ರೂಪುಗೊಂಡವಲ್ಲ. ಸ್ವೀಡನ್ನಿನ ಕಾಡುಗಳಲ್ಲಿ, ಜರ್ಮನಿಯ ಹಿಮದ ಬೆಟ್ಟದಲ್ಲಿ, ಸ್ಕಾಟ್ಲೆಂಡಿನ ಪ್ರಸ್ಥಭೂಮಿಯಲ್ಲಿ ಕಲಿತ, ಕೆಲವೊಮ್ಮೆ ಮಕ್ಕಳ ಜೀವವನ್ನೇ ತೆತ್ತು ಕಲಿತ ಪಾಠಗಳಿಂದ ಅವು ಒಂದೊಂದಾಗಿ ಕೂಡಿಬಂದಿವೆ.

ಓರಿಯೆಂಟೀರಿಂಗ್ ಎಂಬ ಮಾತಿನ ಮೂಲರೂಪವು 1886ರಲ್ಲಿ ಸ್ವೀಡನ್ನಿನ ಸೈನಿಕ ಶಿಕ್ಷಣದಲ್ಲಿ ಬಳಕೆಗೆ ಬಂದಿತು; ಅಪರಿಚಿತ ನೆಲವನ್ನು ನಕ್ಷೆ ಮತ್ತು ದಿಕ್ಸೂಚಿಯ ಬಲದಿಂದ ದಾಟುವುದು ಎಂಬುದು ಅಂದಿನ ಅದರ ಅರ್ಥ. ಸಾರ್ವಜನಿಕರಿಗೆ ತೆರೆದ ಮೊದಲ ಸ್ಪರ್ಧೆ 1897ರ ಅಕ್ಟೋಬರ್ 31ರಂದು ನಾರ್ವೆಯ ರಾಜಧಾನಿಯ ಹೊರವಲಯದಲ್ಲಿ ನಡೆಯಿತಾದರೂ, ಕ್ರೀಡೆಯನ್ನು ಯುವಕರ ಶಿಕ್ಷಣವಾಗಿ ಬೆಳೆಸಿದ ಕೀರ್ತಿ ಸ್ವೀಡನ್ನಿನ ಸೇನಾಧಿಕಾರಿಯೂ ಸ್ಕೌಟ್ ನಾಯಕರೂ ಆಗಿದ್ದ ಎರ್ನ್ಸ್ಟ್ ಕಿಲಾಂಡರ್ ಅವರದು. ಮೈದಾನದ ಓಟಗಳಲ್ಲಿ ಹುಡುಗರಿಗೆ ಆಸಕ್ತಿ ಕುಗ್ಗುತ್ತಿರುವುದನ್ನು ಕಂಡ ಅವರು ಊರಿನ ಸುತ್ತಲಿನ ಕಾಡನ್ನೇ ಮೈದಾನವಾಗಿಸಿ, 1919ರ ಮಾರ್ಚ್ 25ರಂದು ಸ್ಟಾಕ್‌ಹೋಮ್ ಬಳಿ ಸುಮಾರು 220 ಮಂದಿ ಪಾಲ್ಗೊಂಡ ಸ್ಪರ್ಧೆಯನ್ನು ಏರ್ಪಡಿಸಿದರು. ಕಂಟ್ರೋಲ್‌ಗಳನ್ನು ಎಲ್ಲಿಡಬೇಕು, ವಯಸ್ಸಿಗೆ ತಕ್ಕಂತೆ ದಾರಿಯನ್ನು ಹೇಗೆ ವಿಂಗಡಿಸಬೇಕು ಎಂಬ ಕ್ರಮಗಳಿಗೆ ಅವರ ಕಾಲದಲ್ಲೇ ತಳಹದಿ ಬಿದ್ದಿತು. ವಯಸ್ಸಿಗೆ ತಕ್ಕ ದಾರಿ ಎಂಬ ಈ ವಿಚಾರವು ಆಗ ಸ್ಪರ್ಧೆಯ ನ್ಯಾಯಕ್ಕಾಗಿ ಹುಟ್ಟಿದ್ದರೂ ಮುಂದೆ ಶಾಲೆಗಳ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ರಕ್ಷಣೆಯಾಯಿತು.

ಆ ದಿನಗಳಲ್ಲಿ ಮಗುವಿನ ಕೈಗೆ ಕೊಡಬಹುದಾದ ದಿಕ್ಸೂಚಿ ಇರಲಿಲ್ಲವೆಂದೇ ಹೇಳಬೇಕು. ಹಳೆಯ ಒಣ ಡಬ್ಬಿಯ ದಿಕ್ಸೂಚಿಯಲ್ಲಿ ಮುಳ್ಳು ಓಲಾಡುವುದನ್ನು ನಿಲ್ಲಿಸುವವರೆಗೆ ಕಾಯಬೇಕಿತ್ತು, ನಕ್ಷೆಯ ಮೇಲಿನ ಕೋನವನ್ನು ಅಳೆಯಲು ಬೇರೆಯೇ ಕೋನಮಾಪಕವನ್ನು ಹಿಡಿಯಬೇಕಿತ್ತು. 1930ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಷೆಲ್‌ಸ್ಟ್ರೋಮ್ ಸಹೋದರರು ಗುನ್ನಾರ್ ಟಿಲಾಂಡರ್ ಎಂಬವರೊಡನೆ ಸೇರಿ, ಪಾರದರ್ಶಕ ತಳಹಲಗೆಯನ್ನೂ ತಿರುಗುವ ಕೋನಮಾಪಕವನ್ನೂ ಬೇಗ ನಿಲ್ಲುವ ಮುಳ್ಳನ್ನೂ ಒಂದೇ ಸಾಧನದಲ್ಲಿ ಕೂಡಿಸಿದ ಸಿಲ್ವಾ ದಿಕ್ಸೂಚಿಯನ್ನು ಹೊರತಂದರು. ಹನ್ನೆರಡು ವರ್ಷದ ಮಗುವೂ ಕೆಲವೇ ಪಾಠಗಳಲ್ಲಿ ಬಳಸಬಲ್ಲ ಈ ಸಾಧನದಿಂದಾಗಿಯೇ 1942ರಲ್ಲಿ ಸ್ವೀಡನ್ ತನ್ನ ಶಾಲೆಗಳಲ್ಲಿ ಓರಿಯೆಂಟೀರಿಂಗನ್ನು ಕಡ್ಡಾಯ ಪಾಠವಾಗಿಸಲು ಸಾಧ್ಯವಾಯಿತು. ಒಬ್ಬಿಬ್ಬರು ಉತ್ಸಾಹಿಗಳ ಹವ್ಯಾಸವಾಗಿದ್ದುದು ಹೀಗೆ ಪ್ರತಿ ತರಗತಿಯ ಪ್ರತಿ ಮಗುವಿಗೂ, ಓಡಲು ಆಸೆಯಿಲ್ಲದ, ಕಾಡೆಂದರೆ ಹೆದರುವ ಮಗುವಿಗೂ, ಅನ್ವಯಿಸತೊಡಗಿದಾಗ ಸುರಕ್ಷತೆಯ ಪ್ರಶ್ನೆಯ ಸ್ವರೂಪವೇ ಬದಲಾಯಿತು.

ಈ ಬದಲಾವಣೆಯಿಂದ ಹುಟ್ಟಿದ ಉಪಾಯಗಳಲ್ಲಿ ಎರಡನ್ನು ಬಿಡಿಸಿ ನೋಡಬೇಕು, ಏಕೆಂದರೆ ಮುಂದಿನ ಇತಿಹಾಸವೆಲ್ಲ ಅವುಗಳ ಸುತ್ತಲೇ ತಿರುಗುತ್ತದೆ. ಮೊದಲನೆಯದನ್ನು ಇಂಗ್ಲಿಷ್ ಬಲ್ಲ ಆಟಗಾರರು ಹ್ಯಾಂಡ್‌ರೇಲ್ ಎನ್ನುತ್ತಾರೆ: ಮೆಟ್ಟಿಲಿನ ಪಕ್ಕದ ಕಂಬಿಯನ್ನು ಹಿಡಿದು ಕತ್ತಲಲ್ಲೂ ಕೆಳಗಿಳಿಯುವಂತೆ, ಕಾಲುದಾರಿ, ಬೇಲಿ, ಹಳ್ಳ, ಕಲ್ಲುಗೋಡೆ ಮುಂತಾದ ಉದ್ದನೆಯ ಗುರುತೊಂದನ್ನು ಹಿಡಿದುಕೊಂಡೇ ನಡೆಯುವುದು. ಎರಡನೆಯದು ಕ್ಯಾಚಿಂಗ್ ಫೀಚರ್, ಅಂದರೆ ತಡೆಗೆರೆ: ದಾರಿ ತಪ್ಪಿದ ಮಗು ಎತ್ತ ನಡೆದರೂ ಕೊನೆಗೆ ಎದುರಾಗಿ ಅದನ್ನು ತಡೆದು ನಿಲ್ಲಿಸುವ ರಸ್ತೆ, ರೈಲುಹಳಿ, ಹೊಳೆ ಅಥವಾ ಕೆರೆಯ ದಂಡೆ. ಮಕ್ಕಳಿಗಾಗಿ ಆರಿಸುವ ನೆಲದ ನಾಲ್ಕೂ ಬದಿಗೆ ಇಂತಹ ಗೆರೆಗಳಿರಬೇಕು. ಅವುಗಳಲ್ಲಿ ಒಂದನ್ನು ಆರಿಸಿ, ಯಾವ ದಿಕ್ಕಿಗೆ ನಡೆದರೆ ಅದು ಸಿಗುತ್ತದೆ ಎಂಬುದನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿರಬೇಕು. ಹಾಗೆ ಹೇಳಿಕೊಟ್ಟ ದಿಕ್ಕನ್ನು ಸೇಫ್ಟಿ ಬೇರಿಂಗ್, ಅಂದರೆ ಸುರಕ್ಷಾ ದಿಕ್ಕು ಎಂದು ಕರೆಯುತ್ತಾರೆ. ಗೆರೆಯನ್ನು ತಲುಪಲು ಜಾಣ್ಮೆ ಬೇಕಿಲ್ಲ, ನಕ್ಷೆ ಓದುವ ಶಕ್ತಿಯೂ ಬೇಕಿಲ್ಲ; ನೇರವಾಗಿ ನಡೆದರೆ ಸಾಕು. ಒಂದು ಚುಕ್ಕೆಯಷ್ಟು ಚಿಕ್ಕದಾದ ನೆಲೆಯನ್ನು, ಒಂದು ಗುಡಿಸಿಲನ್ನೋ ಒಂದು ಶಿಖರವನ್ನೋ, ಹುಡುಕಿ ಸೇರುವುದಕ್ಕೂ ಇದಕ್ಕೂ ಇರುವ ಅಂತರ ಹವೆ ಚೆನ್ನಾಗಿರುವಾಗ ಯಾರ ಗಮನಕ್ಕೂ ಬರುವುದಿಲ್ಲ. ಮಂಜು ಕವಿದಾಗ ಅದೇ ಅಂತರವು ಬದುಕು ಸಾವಿನ ಅಂತರವಾಗುತ್ತದೆ.

ಸ್ವೀಡನ್ನಿನಲ್ಲಿ ಆ ಪಾಠ ಕಡ್ಡಾಯವಾಗುವುದಕ್ಕೂ ಮೊದಲೇ, 1936ರ ಏಪ್ರಿಲ್ 17ರಂದು, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದಲ್ಲಿ ಈ ಅಂತರ ಸ್ಪಷ್ಟವಾಗಿತ್ತು. ಲಂಡನ್ನಿನ ಒಂದು ಶಾಲೆಯ 27 ಹುಡುಗರು ತಮ್ಮ ಯುವ ಶಿಕ್ಷಕರೊಡನೆ ಫ್ರೈಬುರ್ಗ್ ಪಟ್ಟಣದಿಂದ ಹೊರಟು, 1,284 ಮೀಟರ್ ಎತ್ತರದ ಷಾವಿನ್ಸ್‌ಲಾಂಡ್ ಬೆಟ್ಟವನ್ನು ದಾಟಿ ಆಚೆಯ ಹಳ್ಳಿಯೊಂದನ್ನು ಸೇರಬೇಕಿತ್ತು. ವಸಂತದ ಹವೆಯನ್ನು ನಿರೀಕ್ಷಿಸಿ ತೆಳು ಉಡುಪಿನಲ್ಲಿದ್ದ ಹುಡುಗರ ಮೇಲೆ ಹಿಮ ಸುರಿಯತೊಡಗಿತು. ದಾರಿಯಲ್ಲಿ ಸಿಕ್ಕ ಸ್ಥಳೀಯರು ಎಚ್ಚರಿಸಿದರೂ ಗುಂಪು ಮುಂದುವರಿಯಿತು. ಅವರ ಬಳಿಯಿದ್ದ ನಕ್ಷೆಯಾದರೋ ಬೆಟ್ಟದ ವಿವರಗಳನ್ನು ತೋರಿಸಲಾರದಷ್ಟು ಸ್ಥೂಲವಾಗಿತ್ತು. ಸಂಜೆ ಹೋಫ್ಸ್‌ಗ್ರುಂಡ್ ಎಂಬ ಹಳ್ಳಿಯ ಇಗರ್ಜಿಯ ಗಂಟೆ ಮೊಳಗಿದಾಗ ಆ ನಾದವನ್ನೇ ಅನುಸರಿಸಿ ಕೆಲವು ಹುಡುಗರು ಕೆಳಗಿಳಿದರು, ಹಳ್ಳಿಗರು ಹಿಮಜಾರು ಹಲಗೆಗಳನ್ನು ಕಟ್ಟಿಕೊಂಡು ರಾತ್ರಿಯೇ ಮೇಲೇರಿ ಉಳಿದವರನ್ನು ಹೊತ್ತು ತಂದರು. ಐವರು ಹುಡುಗರು ಮಡಿದರು. ಅಂದಿನ ನಾಜಿ ಆಡಳಿತವು ಈ ದುರಂತವನ್ನು ಪ್ರಚಾರಕ್ಕೆ ಬಳಸಿಕೊಂಡು ಬೆಟ್ಟದ ಮೇಲೆ ದೊಡ್ಡ ಸ್ಮಾರಕವನ್ನೇ ಕಟ್ಟಿಸಿತಾದ್ದರಿಂದ, ಗುಂಪು ಹೊರಟದ್ದು ಹೇಗೆ, ಹಿಂದಿರುಗುವ ನಿರ್ಧಾರವನ್ನು ಯಾವ ಹೊತ್ತಿಗೆ ಮಾಡಬೇಕಿತ್ತು ಎಂಬ ಸರಳ ಪ್ರಶ್ನೆಗಳು ಬಹುಕಾಲ ಆ ಕಲ್ಲಿನ ನೆರಳಿನಲ್ಲೇ ಉಳಿದವು. ಅಂದು ಉಳಿದ ಜೀವಗಳನ್ನು ಉಳಿಸಿದ್ದು ಹಳ್ಳಿಗರ ಕರುಣೆ ಮತ್ತು ಯಾರೂ ಯೋಜಿಸದೆ ಕಿವಿಗೆ ಬಿದ್ದ ಒಂದು ಗಂಟೆಯ ಸದ್ದು.

ಬ್ರಿಟನ್ನಿನಲ್ಲಿ ಶಾಲಾ ಮಕ್ಕಳನ್ನು ಬೆಟ್ಟಕಾಡುಗಳಿಗೆ ಕರೆದೊಯ್ಯುವ ಪದ್ಧತಿ ಎರಡನೆಯ ಮಹಾಯುದ್ಧದ ನಂತರ ವೇಗವಾಗಿ ಹಬ್ಬಿತು. 1944ರ ಶಿಕ್ಷಣ ಕಾಯಿದೆಯು ಶಿಬಿರಗಳನ್ನೂ ಹೊರಾಂಗಣ ಚಟುವಟಿಕೆಗಳನ್ನೂ ಶಿಕ್ಷಣದ ವ್ಯಾಪ್ತಿಗೆ ತಂದಿತು. ಡರ್ಬಿಷೈರ್ ಪ್ರಾಂತ್ಯದ ಶಿಕ್ಷಣಾಧಿಕಾರಿಯಾಗಿದ್ದ, 1933ರ ಎವರೆಸ್ಟ್ ತಂಡದ ಸದಸ್ಯರೂ ಆಗಿದ್ದ ಜ್ಯಾಕ್ ಲಾಂಗ್‌ಲ್ಯಾಂಡ್ ಅವರ ಆಸ್ಥೆಯಿಂದ ವೈಟ್ ಹಾಲ್ ಎಂಬ ಹೊರಾಂಗಣ ಶಿಕ್ಷಣ ಕೇಂದ್ರ ತೆರೆಯಿತು. 1964ರಲ್ಲಿ ಬೆಟ್ಟಗಳಲ್ಲಿ ಗುಂಪನ್ನು ಮುನ್ನಡೆಸುವವರ ತರಬೇತಿಗೆಂದೇ ಒಂದು ಮಂಡಳಿ ರಚನೆಯಾಯಿತು. ಓರಿಯೆಂಟೀರಿಂಗ್ ಅಲ್ಲಿ ಬೇರೂರಿದ್ದೂ ಇದೇ ಹೊತ್ತಿನಲ್ಲಿ. 1962ರಲ್ಲಿ ಸ್ವೀಡನ್ನಿನ ಬ್ಯಾರನ್ ಲಾಗರ್‌ಫೆಲ್ಟ್ ಸ್ಕಾಟ್ಲೆಂಡಿಗೆ ಬಂದು ಆಟವನ್ನು ಕಲಿಸಿದರು. 1956ರ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದ ಕ್ರಿಸ್ ಬ್ರಾಷರ್ ಮತ್ತು ಅವರ ಗೆಳೆಯ ಜಾನ್ ಡಿಸ್ಲಿ ಇಂಗ್ಲೆಂಡಿನಲ್ಲಿ ಅದನ್ನು ಹರಡಿದರು. ಇವೆರಡು ಧಾರೆಗಳು ಕೂಡಿ 1967ರಲ್ಲಿ ಬ್ರಿಟಿಷ್ ಓರಿಯೆಂಟೀರಿಂಗ್ ಒಕ್ಕೂಟ ಹುಟ್ಟಿತು. ಅಷ್ಟರಲ್ಲಿ, 1961ರಲ್ಲಿ, ಹತ್ತು ದೇಶಗಳು ಕೋಪನ್‌ಹೇಗನ್ನಿನಲ್ಲಿ ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನೂ ಸ್ಥಾಪಿಸಿದ್ದವು.

ಈ ಉತ್ಸಾಹದ ದಶಕ ಮುಗಿಯುತ್ತಿದ್ದಂತೆ 1971ರ ನವೆಂಬರ್ ತಿಂಗಳ ಕೈರ್ನ್‌ಗಾರ್ಮ್ ದುರಂತ ಸಂಭವಿಸಿತು. ಅದು ಓರಿಯೆಂಟೀರಿಂಗ್ ಸ್ಪರ್ಧೆಯಲ್ಲ, ಚಳಿಗಾಲದ ಬೆಟ್ಟದ ಚಾರಣ. ಆದರೂ ನಕ್ಷೆ ಮತ್ತು ದಿಕ್ಸೂಚಿಯನ್ನು ನೆಚ್ಚಿ ಮಕ್ಕಳನ್ನು ಕರೆದೊಯ್ಯುವ ಎಲ್ಲ ಶಾಲಾ ಸಂಚಾರಗಳ ಸುರಕ್ಷತಾ ಚಿಂತನೆಯನ್ನು ಅದು ಬುಡದಿಂದ ಅಲುಗಿಸಿತು. ಎಡಿನ್‌ಬರೋ ನಗರದ ಶಾಲೆಯೊಂದರ ಮಕ್ಕಳು ಎರಡು ಗುಂಪುಗಳಾಗಿ ಪ್ರಸ್ಥಭೂಮಿಯನ್ನು ದಾಟಬೇಕಿತ್ತು. ಹವೆ ಕೆಟ್ಟರೆ ಮೇಲ್ಭಾಗದಲ್ಲೇ ಇದ್ದ ಕರನ್ ಎಂಬ ಪುಟ್ಟ ಆಶ್ರಯದ ಗುಡಿಸಿಲಿನಲ್ಲಿ ತಂಗುವುದು ಬದಲಿ ಯೋಜನೆಯಾಗಿತ್ತು. ನವೆಂಬರ್ 20ರ ಶನಿವಾರ ಹಿಮಗಾಳಿ ಎದ್ದಾಗ ಅನುಭವಿಗಳ ಗುಂಪು ಹೇಗೋ ಗುಡಿಸಿಲನ್ನು ಮುಟ್ಟಿತು. ಹಿಂದೆ ಬರುತ್ತಿದ್ದ ಇನ್ನೊಂದು ಗುಂಪಿನಲ್ಲಿ ಒಬ್ಬ ನಾಯಕಿ, ಹದಿನೆಂಟು ವರ್ಷದ ಒಬ್ಬ ತರಬೇತಿ ಸಹಾಯಕಿ ಮತ್ತು ಆರು ವಿದ್ಯಾರ್ಥಿಗಳಿದ್ದರು. ಅವರಿಗೆ ಗುಡಿಸಿಲು ಸಿಗಲಿಲ್ಲ. ಬಯಲಿನಲ್ಲೇ ಹಿಮದ ನಡುವೆ ಎರಡು ರಾತ್ರಿ ಕಳೆದ ಮೇಲೆ, ಸೋಮವಾರ ತೆವಳುತ್ತ ಸಹಾಯ ಹುಡುಕುತ್ತಿದ್ದ ನಾಯಕಿಯನ್ನು ಹೆಲಿಕಾಪ್ಟರಿನವರು ಕಂಡರು. ಆಕೆ ಮತ್ತು ಒಬ್ಬ ಹುಡುಗ ಮಾತ್ರ ಬದುಕಿದರು. ಐವರು ವಿದ್ಯಾರ್ಥಿಗಳೂ ತರಬೇತಿ ಸಹಾಯಕಿಯೂ ಅಸುನೀಗಿದರು.

ಯೋಜನೆಯೇ ಇರಲಿಲ್ಲ ಎಂದು ಇಲ್ಲಿ ಹೇಳಲಾಗದು. ಬದಲಿ ಯೋಜನೆಯೂ ಇತ್ತು. ಆದರೆ ಆ ಬದಲಿ ಯೋಜನೆಯ ತುದಿಯಲ್ಲಿ ಇದ್ದದ್ದು ಒಂದು ಚುಕ್ಕೆ. ಹಿಮ ಹೂತುಹಾಕಬಲ್ಲ, ಹತ್ತಿರ ಬಂದರೂ ಕಾಣದೆ ಹೋಗಬಲ್ಲ ಒಂದು ಗುಡಿಸಿಲನ್ನು, ಕಣ್ಣು ಬಿಡಲಾಗದ ಗಾಳಿಯಲ್ಲಿ, ದಣಿದ ಮಕ್ಕಳನ್ನು ನಡೆಸಿಕೊಂಡು, ದಿಕ್ಸೂಚಿಯ ಮುಳ್ಳೊಂದರಿಂದಲೇ ಮುಟ್ಟಬೇಕೆಂಬುದು ಹವೆ ಕೆಟ್ಟಷ್ಟೂ ಕಠಿಣವಾಗುತ್ತ ಹೋಗುವ ಯೋಜನೆ, ಮತ್ತು ಅದು ಬೇಕಾಗುವುದೂ ಹವೆ ಕೆಟ್ಟಾಗಲೇ. 1972ರ ಫೆಬ್ರವರಿಯಲ್ಲಿ ನಡೆದ ಸಾರ್ವಜನಿಕ ವಿಚಾರಣೆಯು ವ್ಯಕ್ತಿಗಳ ಮೇಲೆ ದೋಷ ಹೊರಿಸದೆ, ಮಕ್ಕಳ ತರಬೇತಿ ಮತ್ತು ದೇಹಶಕ್ತಿಗೆ ತಕ್ಕ ಚಟುವಟಿಕೆ ಇರಬೇಕು, ಏನು ಮಾಡಲಾಗುತ್ತದೆ ಮತ್ತು ಅದರ ಅಪಾಯವೇನು ಎಂಬುದನ್ನು ಹೆತ್ತವರಿಗೆ ಪೂರ್ತಿಯಾಗಿ ತಿಳಿಸಬೇಕು ಎಂಬ ದಿಕ್ಕಿನಲ್ಲಿ ಸಲಹೆಗಳನ್ನಿತ್ತಿತು. ಎತ್ತರದ ಆಶ್ರಯ ಗುಡಿಸಿಲುಗಳು ಇರಬೇಕೆ ಬೇಡವೇ ಎಂಬ ಬಗ್ಗೆ ಪರ್ವತಾರೋಹಿಗಳಲ್ಲಿ ತೀವ್ರ ವಾದ ನಡೆಯಿತು. ಅವು ಜೀವ ಉಳಿಸುತ್ತವೆ ಎಂದವರೂ ಇದ್ದರು, ಇದ್ದುದರಿಂದಲೇ ಜನ ಅಪಾಯದತ್ತ ನಡೆಯುತ್ತಾರೆ ಎಂದವರೂ ಇದ್ದರು. ಕೊನೆಗೆ 1975ರಲ್ಲಿ ಕರನ್ ಗುಡಿಸಿಲನ್ನು ಕಿತ್ತು ತೆಗೆಯಲಾಯಿತು. ಇದು ಸರಿಯಾದ ನಿರ್ಧಾರವೇ ಆಗಿತ್ತು.

ದುರಂತದ ನಂತರ ಶಾಲೆಗಳು ಮಕ್ಕಳನ್ನು ಹೊರಗೆ ಕಳಿಸುವುದನ್ನೇ ನಿಲ್ಲಿಸಿಬಿಡುವ ಸಾಧ್ಯತೆ ಇತ್ತು. ಹಾಗಾಗದೆ, ನಾಯಕರಿಗೆ ಅರ್ಹತಾಪತ್ರ, ಹೆತ್ತವರ ಲಿಖಿತ ಒಪ್ಪಿಗೆ, ಶಿಕ್ಷಣಾಧಿಕಾರಿಗಳ ಮುಂಚಿತ ಅನುಮತಿ ಎಂಬ ಕ್ರಮಗಳು ಗಟ್ಟಿಯಾದವು. ಬೆಟ್ಟದ ಮೇಲ್ಭಾಗಕ್ಕಿಂತ ತಗ್ಗಿನ ಕಾಡು ಮತ್ತು ಉದ್ಯಾನಗಳಲ್ಲಿ, ಅಂದರೆ ಸುತ್ತಲೂ ಗೆರೆಗಳಿರುವ ನೆಲದಲ್ಲಿ, ನಡೆಸಬಹುದಾದ ಓರಿಯೆಂಟೀರಿಂಗ್ ಶಾಲೆಗಳಿಗೆ ಹೆಚ್ಚು ಒಪ್ಪುವ ಚಟುವಟಿಕೆಯಾಯಿತು. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ದೋಣಿಗಳಲ್ಲಿ ಹೊರಟ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡ ಮೇಲೆ 1995ರ ಕಾಯಿದೆಯೊಂದು ಸಾಹಸ ಕೇಂದ್ರಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಆ ವ್ಯವಸ್ಥೆಯಲ್ಲಿ ದುರ್ಗಮ ಚಾರಣ ಯಾವುದೆಂದು ನಿರ್ಧರಿಸಲು ಬಳಸಿದ ಅಳತೆಗೋಲು ಗಮನಾರ್ಹವಾದುದು: ಹತ್ತಿರದ ರಸ್ತೆ ಅಥವಾ ಆಶ್ರಯಕ್ಕೆ 30 ನಿಮಿಷಗಳಿಗಿಂತ ಹೆಚ್ಚಿನ ದಾರಿ ಇರುವ ಬೆಟ್ಟ ಬಯಲಿಗೆ ಪರವಾನಗಿ ಬೇಕು. ಸ್ವೀಡನ್ನಿನ ಶಿಕ್ಷಕರು ತಡೆಗೆರೆಯಿಂದ ಸಾಧಿಸುತ್ತಿದ್ದುದನ್ನು ಇಲ್ಲಿ ಕಾನೂನು ನಿಮಿಷಗಳಲ್ಲಿ ಅಳೆಯಿತು.

ದಾರಿ ತಪ್ಪುವುದೊಂದೇ ಈ ಕ್ರೀಡೆಯ ಅಪಾಯವೆಂದು ಭಾವಿಸುವುದು ತಪ್ಪಾಗುತ್ತದೆ. 1950ರ ದಶಕದ ಕೊನೆಯಿಂದ ಕೆಲವು ವರ್ಷ ಸ್ವೀಡನ್ನಿನ ಓರಿಯೆಂಟೀರಿಂಗ್ ಆಟಗಾರರಲ್ಲಿ ಹೆಪಟೈಟಿಸ್, ಅಂದರೆ ಯಕೃತ್ತಿನ ಉರಿಯೂತದ ಕಾಮಾಲೆ, ಐನೂರಕ್ಕೂ ಹೆಚ್ಚು ಮಂದಿಗೆ ತಗುಲಿತು. ಕಾಲು ತೋಳುಗಳನ್ನು ಮುಚ್ಚಿಕೊಳ್ಳದೆ ಪೊದೆಗಳ ನಡುವೆ ಓಡಿ ಗೀರಿಕೊಂಡ ಗಾಯಗಳು ಮತ್ತು ಓಟದ ನಂತರ ಹಲವರು ಒಂದೇ ನೀರಿನಲ್ಲಿ ಮೈ ತೊಳೆದುಕೊಳ್ಳುತ್ತಿದ್ದ ರೂಢಿ, ಇವು ರಕ್ತದ ಮೂಲಕ ಸೋಂಕು ಹರಡಲು ದಾರಿಯಾಗಿದ್ದವು. ಮೈ ಪೂರ್ತಿ ಮುಚ್ಚುವ ಉಡುಪು ಕಡ್ಡಾಯವಾದದ್ದು ಈ ಕಾರಣದಿಂದ. ಇಂದು ಶಿಕ್ಷಕರು ಮಕ್ಕಳಿಗೆ ಉದ್ದ ಪ್ಯಾಂಟು ಹಾಕಿಕೊಂಡು ಬರಲು ಹೇಳುವಾಗ ಮುಳ್ಳನ್ನಷ್ಟೇ ನೆನೆಯುತ್ತಾರಾದರೂ ಆ ಸೂಚನೆಯ ಹಿಂದೆ ಒಂದು ಸಾಂಕ್ರಾಮಿಕದ ಚರಿತ್ರೆಯಿದೆ. 1979ರಿಂದ 1992ರ ನಡುವೆ ಅದೇ ದೇಶದಲ್ಲಿ 16 ಮಂದಿ ತರುಣ ಆಟಗಾರರು ಹಠಾತ್ತನೆ ಹೃದಯ ನಿಂತು ಸತ್ತರು. ಹಲವರಲ್ಲಿ ಹೃದಯ ಸ್ನಾಯುವಿನ ಉರಿಯೂತ ಕಂಡುಬಂದಿತು. ಅಲ್ಲಿನ ಒಕ್ಕೂಟವು 1992ರ ಕೊನೆಯಿಂದ ಸುಮಾರು ಆರು ತಿಂಗಳು ಸ್ಪರ್ಧೆಗಳನ್ನೇ ನಿಲ್ಲಿಸಿ, ಜ್ವರ ಅಥವಾ ಸೋಂಕು ಇರುವಾಗ ಶ್ರಮದ ಓಟ ಕೂಡದೆಂದು ಸಾರಿತು. ಇಡೀ ರಾಷ್ಟ್ರದ ಪಾಲಿಗೆ ಹೆಮ್ಮೆಯ ಕ್ರೀಡೆಯೊಂದನ್ನು ಜೀವಗಳ ಸಲುವಾಗಿ ಅರ್ಧ ವರ್ಷ ನಿಲ್ಲಿಸಿದ ಆ ಧೈರ್ಯವನ್ನು ಮೆಚ್ಚಲೇಬೇಕು. ಹೊರಡುವ ದಿನದ ಬೆಳಿಗ್ಗೆ ಯಾರಿಗೆ ಮೈ ಬಿಸಿಯಾಗಿದೆ ಎಂದು ಕೇಳುವ ಒಂದು ನಿಮಿಷದ ವಿಚಾರಣೆಗೆ ಇಷ್ಟು ಬೆಲೆಯಿದೆ.

ನೆರವಿಗೆ ಕರೆಯಲು ಮಕ್ಕಳು ಜೊತೆಗೊಯ್ಯುವ ಸೀಟಿಯ ಕಥೆ ಚಿಕ್ಕದು. ಆಪತ್ತಿನಲ್ಲಿ ಒಂದು ನಿಮಿಷಕ್ಕೆ ಆರು ಸಲ ಸಂಕೇತ ಕೊಟ್ಟು, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ ಕೊಡುವ ಕ್ರಮವನ್ನು 1894ರಲ್ಲಿ ಆಲ್ಪ್ಸ್ ಆರೋಹಿ ಕ್ಲಿಂಟನ್ ಡೆಂಟ್ ಸೂಚಿಸಿದರು. ಅದಕ್ಕೆ ನಿಮಿಷಕ್ಕೆ ಮೂರು ಸಂಕೇತಗಳು ಉತ್ತರ. ಪರ್ವತಾರೋಹಿಗಳ ಆ ಕ್ರಮ ಸೀಟಿಯ ರೂಪದಲ್ಲಿ ಕಾಡಿನ ಆಟಕ್ಕೂ ಇಳಿದುಬಂದಿತು.

ಇವೆಲ್ಲಕ್ಕಿಂತ ಹಿರಿದಾದ, ಆದರೆ ಯಾವ ದುರಂತದ ಹೆಸರನ್ನೂ ಹೊತ್ತಿಲ್ಲದ ನಿಯಮವೊಂದಿದೆ: ದಾರಿಯನ್ನು ಪೂರೈಸಿರಲಿ ಬಿಟ್ಟಿರಲಿ, ಕಾಡಿಗೆ ಹೋದ ಪ್ರತಿಯೊಬ್ಬರೂ ಕೊನೆಯ ಗೆರೆಗೆ ಬಂದು ಹೆಸರು ಹೇಳಲೇಬೇಕು. ಸೋತ ಬೇಸರದಲ್ಲಿ ನೇರವಾಗಿ ಬಸ್ಸು ಹತ್ತಿ ಕುಳಿತ ಒಂದು ಮಗುವಿಗಾಗಿ ಹತ್ತಾರು ಜನ ಕತ್ತಲಾಗುವವರೆಗೆ ಕಾಡು ಜಾಲಾಡಬೇಕಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಬಸ್ಸಿನಲ್ಲಿರಬಹುದೆಂದು ಎಲ್ಲರೂ ನಂಬಿದ ಮಗು ಕಾಡಿನಲ್ಲೇ ಉಳಿದಿರಬಹುದು. ಹೊರಟವರ ಪಟ್ಟಿಯನ್ನೂ ಬಂದವರ ಪಟ್ಟಿಯನ್ನೂ ತಾಳೆ ನೋಡುವ ಈ ಲೆಕ್ಕಕ್ಕೆ ಮೊದಲು ರಟ್ಟಿನ ಚೀಟಿ ಹರಿದು ಇಟ್ಟುಕೊಳ್ಳುತ್ತಿದ್ದರು, 1990ರ ದಶಕದಿಂದ ಬೆರಳಿಗೆ ಕಟ್ಟುವ ಎಲೆಕ್ಟ್ರಾನಿಕ್ ಚಿಪ್ ಬಂದಿದೆ. ಆದರೆ ಚಿಪ್ ತಿಳಿಸುವುದು ಮಗು ಎಲ್ಲೆಲ್ಲಿ ಹೋಗಿತ್ತು ಎಂಬುದನ್ನೇ ಹೊರತು ಈಗ ಎಲ್ಲಿದೆ ಎಂಬುದನ್ನಲ್ಲ. ಶಾಲೆಗಳು ಹೊಸಬರಿಗೆ ನಕ್ಷತ್ರಾಕಾರದ ಅಭ್ಯಾಸವನ್ನು ಮೆಚ್ಚುವುದೂ ಈ ಲೆಕ್ಕದ ಸಲುವಾಗಿಯೇ: ಶಿಕ್ಷಕರು ನಡುವೆ ನಿಲ್ಲುತ್ತಾರೆ, ಮಕ್ಕಳು ಇಬ್ಬಿಬ್ಬರಾಗಿ ಒಂದು ಕಂಟ್ರೋಲನ್ನು ಮುಟ್ಟಿ ಹಿಂದಿರುಗಿ ಮತ್ತೊಂದಕ್ಕೆ ಹೋಗುತ್ತಾರೆ, ಹೀಗೆ ಹತ್ತು ನಿಮಿಷಕ್ಕೊಮ್ಮೆ ಎಣಿಕೆ ತಾನಾಗಿಯೇ ಆಗುತ್ತದೆ.

ಕರ್ನಾಟಕದ ಶಾಲೆಗಳ ಮಟ್ಟಿಗೆ ಬಹುಕಾಲದ ಅಡ್ಡಿಯಾಗಿದ್ದುದು ನಕ್ಷೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ಆರಂಭಿಸಿದ ನಾಡು ಇದಾದರೂ, ಸಮೋನ್ನತಿ ರೇಖೆಗಳುಳ್ಳ ವಿವರವಾದ ನಕ್ಷೆಗಳು ರಕ್ಷಣೆಯ ಕಾರಣದಿಂದ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ, ಎನ್‌ಸಿಸಿಯ ನಕ್ಷೆ ಓದುವ ಪಾಠದಾಚೆಗೆ ಅವುಗಳ ಪರಿಚಯವೂ ವಿರಳವಾಗಿತ್ತು. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕ ಬಳಕೆಗೆ ಪ್ರತ್ಯೇಕ ಸರಣಿಯನ್ನು ತೆರೆಯಿತು. 2017ರಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ‘ನಕ್ಷೆ’ ಎಂಬ ಹೆಸರಿನಲ್ಲೇ ಅಂತರಜಾಲ ತಾಣವನ್ನು ಆರಂಭಿಸಿ 1:50,000 ಪ್ರಮಾಣದ ಹಾಳೆಗಳನ್ನು ಉಚಿತವಾಗಿ ಒದಗಿಸಿತು. 2021ರ ಮಾರ್ಗಸೂಚಿಗಳು ನಕ್ಷೆ ತಯಾರಿಕೆಯನ್ನೂ ಸಡಿಲಗೊಳಿಸಿದವು. ಆ ಹಾಳೆಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್, ಓರಿಯೆಂಟೀರಿಂಗ್ ನಕ್ಷೆಯಲ್ಲಾದರೆ 100 ಅಥವಾ 150 ಮೀಟರ್; ಆದ್ದರಿಂದ ಅವು ಮಕ್ಕಳ ಓಟಕ್ಕೆ ಸಾಲವು, ಆದರೆ ಶಿಕ್ಷಕರ ಯೋಜನೆಗೆ ಸಾಕು. ಮಕ್ಕಳನ್ನು ತೋಪಿಗೋ ಬೆಟ್ಟದ ತಪ್ಪಲಿಗೋ ಕರೆದೊಯ್ಯಲು ಬಯಸುವ ಶಿಕ್ಷಕರು ಮೊದಲು ಆ ಹಾಳೆಯನ್ನು ಹರಡಿ, ಆರಿಸಿದ ನೆಲದ ನಾಲ್ಕೂ ಬದಿಯ ರಸ್ತೆ, ಕಾಲುವೆ, ಕೆರೆ ಏರಿಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಲಿ, ಬಳಿಕ ಸ್ವತಃ ಹೋಗಿ ಆ ಗೆರೆಗಳ ಮೇಲೆ ಒಮ್ಮೆ ನಡೆದು ನೋಡಲಿ. ಯಾವ ಬದಿಯಲ್ಲಿ ಗೆರೆ ಸಿಗುವುದಿಲ್ಲವೋ ಆ ಬದಿಗೆ ಹಿರಿಯರೊಬ್ಬರನ್ನು ನಿಲ್ಲಿಸಬೇಕು, ನಿಲ್ಲಿಸಲು ಜನರಿಲ್ಲದಿದ್ದರೆ ಬೇರೆ ನೆಲವನ್ನು ಆರಿಸಬೇಕು.